ಹಿರಿಯರ ಆರೈಕೆ ಕೇಂದ್ರ: ಸೇರಿಸುವ ಮುಂಚೆ, ಸೇರಿಸಿದ ಮೇಲೆ ನೋಡಬೇಕಾದ್ದು

ಆರೈಕೆ ಕೇಂದ್ರ ನೋಡಲು ಹೋದವರಿಗೆ ಮ್ಯಾನೇಜರು ಮೊದಲು ತೋರಿಸುವುದು ತೋಟ, ದೇವರ ಮನೆ, ಟಿ.ವಿ. ಹಾಲ್, ವಾರದ ಊಟದ ಪಟ್ಟಿ. ಇವೆಲ್ಲ ಇದ್ದರೆ ಒಳ್ಳೆಯದೇ. ಆದರೆ ಅಲ್ಲಿನ ಆರೈಕೆ ಎಂಥದ್ದು ಅನ್ನುವುದು ತಿಳಿಯುವುದು ಎದ್ದು ಓಡಾಡುವವರನ್ನು ನೋಡಿದರೆ ಅಲ್ಲ. ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದ, ಬಾಯಿಬಿಟ್ಟು ಏನೂ ಹೇಳಲಾಗದ ಒಬ್ಬರು ಹೇಗಿದ್ದಾರೆ ಎಂದು ನೋಡಿದರೆ ತಿಳಿಯುತ್ತದೆ. ಅವರ ಹಿಮ್ಮಡಿ, ತುಟಿ, ತೂಕ, ಉಗುರು, ಇವು ಸುಳ್ಳು ಹೇಳುವುದಿಲ್ಲ.

ಕೆಳಗಿನದ್ದು ಕರ್ನಾಟಕದ ಖಾಸಗಿ ಆರೈಕೆ ಕೇಂದ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಮ್ಮನನ್ನೋ ಅಪ್ಪನನ್ನೋ ಸೇರಿಸಬೇಕೆಂದು ಹುಡುಕುತ್ತಿರುವವರಿಗೆ, ಈಗಾಗಲೇ ಸೇರಿಸಿ ದೂರದಲ್ಲಿರುವವರಿಗೆ, ಎರಡೂ ಕಡೆಯವರಿಗೆ ಉಪಯೋಗಕ್ಕೆ ಬರಲಿ ಎಂದು.

1. ಮೊದಲು ಒಂದು ಹಾಳೆ ಬರೆಯಿರಿ

ಕೇಂದ್ರ ಹುಡುಕುವ ಮುಂಚೆ ನಿಮ್ಮ ಹಿರಿಯರಿಗೆ ಏನು ಬೇಕು ಎಂದು ಬರೆದುಕೊಳ್ಳಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಮೇಲಿನ ಹಿಡಿತ, ಊಟ. ಈ ಆರರಲ್ಲಿ ಯಾವುದನ್ನು ತಾವೇ ಮಾಡಿಕೊಳ್ಳುತ್ತಾರೆ, ಯಾವುದಕ್ಕೆ ಒಬ್ಬರು ಬೇಕು, ಯಾವುದಕ್ಕೆ ಇಬ್ಬರು ಬೇಕು ಎಂದು ಎದುರಿಗೆ ಬರೆಯಿರಿ. ಅದರ ಕೆಳಗೆ ಕಾಯಿಲೆಗಳು, ಮಾತ್ರೆಗಳು (ಹೆಸರು, ಮಿಲಿಗ್ರಾಂ, ಹೊತ್ತು), ಅಲರ್ಜಿ, ಹಿಂದೆ ಬಿದ್ದದ್ದು, ಮರೆವು, ರಾತ್ರಿ ಎದ್ದು ಓಡಾಡುವ ಅಭ್ಯಾಸ.

ಇದನ್ನು ಬರೆಯದೆ ಹೋದರೆ ಆಗುವುದೇನು? "ನಮ್ಮಲ್ಲಿ ಎಲ್ಲಾ ನೋಡ್ಕೋತೀವಿ" ಎಂಬ ಮಾತು ಕೇಳಿ ಸೇರಿಸುತ್ತೀರಿ. ಮೂರನೇ ವಾರ ಫೋನ್ ಬರುತ್ತದೆ: "ಇವರಿಗೆ ಪ್ರತ್ಯೇಕ ಅಟೆಂಡರ್ ಬೇಕು, ತಿಂಗಳಿಗೆ ಇಷ್ಟು ಹೆಚ್ಚಿಗೆ." ಹಾಳೆಯನ್ನು ಮುಂದಿಟ್ಟು, "ಇಷ್ಟೂ ಈ ದರದಲ್ಲೇ ಸೇರುತ್ತದೆಯೇ?" ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುವ ವೃದ್ಧಾಶ್ರಮಗಳಿವೆ. ಅವು ಕೆಟ್ಟವಲ್ಲ, ಆದರೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಏರ್ಪಾಡು ಅಲ್ಲಿರುವುದಿಲ್ಲ. ಅಲ್ಲಿಗೆ ಸೇರಿಸುವುದಾದರೆ "ಮುಂದೆ ನಡೆಯಲು ಆಗದಿದ್ದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು.

2. ಕಾಗದಪತ್ರ

ಇದಕ್ಕೆ ಹತ್ತು ನಿಮಿಷ ಸಾಕು. ಸಂಸ್ಥೆಯ ನೋಂದಣಿ ಕೇಳಿ. ಒಳರೋಗಿಗಳಿಗೆ ಚಿಕಿತ್ಸೆ ಕೊಡುತ್ತೇವೆ ಎನ್ನುವ ಕೇಂದ್ರವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯ ನೋಂದಣಿ ಪತ್ರ ನೋಡಿ. ಅದರ ಅವಧಿ ಮುಗಿದಿದೆಯೇ ಎಂದೂ ನೋಡಿ. ನರ್ಸ್ ಎಂದು ಹೇಳುವವರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಬಿಳಿ ಕೋಟು ಹಾಕಿದ ಆಯಾ ನರ್ಸ್ ಅಲ್ಲ. ಆಯಾ ಇರುವುದು ತಪ್ಪಲ್ಲ, ಆಯಾಳ ಕೈಯಲ್ಲಿ ಇನ್ಸುಲಿನ್ ಕೊಡಿಸುವುದು ತಪ್ಪು.

ಅಗ್ನಿಶಾಮಕ ವ್ಯವಸ್ಥೆಯನ್ನು ಕಾಗದದಲ್ಲಲ್ಲ, ಗೋಡೆಯ ಮೇಲೆ ನೋಡಿ: ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಹಿಂದಿನ ಬಾಗಿಲು ತೆರೆಯುತ್ತದೆಯೇ ಅಥವಾ ಅದಕ್ಕೆ ಅಕ್ಕಿ ಮೂಟೆ ಒರಗಿಸಿದ್ದಾರೆಯೇ. ರಾತ್ರಿ ಗ್ರಿಲ್‌ಗೆ ಬೀಗ ಹಾಕುವುದು ನಮ್ಮಲ್ಲಿ ಮಾಮೂಲು. ಹಾಕಲಿ, ಆದರೆ ಬೀಗದ ಕೈ ಪಾಳಿಯಲ್ಲಿರುವವರ ಬಳಿಯೇ ಇರಬೇಕು, ಮಾಲೀಕರ ಮನೆಯಲ್ಲಲ್ಲ. ಆಮ್ಲಜನಕ ಹಾಕಿದವರ ಕೋಣೆಯಲ್ಲಿ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಹೊತ್ತಿರಬಾರದು. ಹಬ್ಬದ ದಿನ ಈ ನಿಯಮ ಮರೆಯುತ್ತಾರೆ.

3. ಎರಡು ಸಲ ಹೋಗಿ, ಎರಡನೆಯದು ಹೇಳದೆ

ಮೊದಲ ಸಲ ಹೇಳಿ ಹೋಗಿ. ಎರಡನೇ ಸಲ ಹೇಳದೆ, ಸಂಜೆ ಏಳರಿಂದ ಎಂಟೂವರೆಯ ನಡುವೆ ಹೋಗಿ. ಆ ಹೊತ್ತಿಗೆ ರಾತ್ರಿ ಊಟ, ಮಾತ್ರೆ, ಡೈಪರ್ ಬದಲಾವಣೆ, ಪಾಳಿ ಬದಲಾವಣೆ ಎಲ್ಲ ಒಟ್ಟಿಗೆ ಬೀಳುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಕೇಂದ್ರಗಳೂ ಚೆನ್ನಾಗಿ ಕಾಣುತ್ತವೆ.

ಕೇಳಬೇಕಾದ್ದನ್ನು ಮ್ಯಾನೇಜರಿಗಲ್ಲ, ಕೆಲಸದಲ್ಲಿರುವವರಿಗೆ ಕೇಳಿ. "ಸಿಸ್ಟರ್, ರಾತ್ರಿ ಪಾಳಿಗೆ ಎಷ್ಟು ಜನ ಇರ್ತೀರಿ? ಎದ್ದೇಳಕ್ಕಾಗದವರು ಎಷ್ಟು ಜನ?" ಎರಡೂ ಸಂಖ್ಯೆ ಸಿಕ್ಕ ಮೇಲೆ ಲೆಕ್ಕ ಹಾಕಿ. ಹಾಸಿಗೆ ಹಿಡಿದ ಒಬ್ಬರ ಮಗ್ಗುಲು ಬದಲಿಸಿ, ಡೈಪರ್ ನೋಡಿ, ಪುಸ್ತಕದಲ್ಲಿ ಬರೆಯಲು 10ರಿಂದ 15 ನಿಮಿಷ ಬೇಕು. ಎಂಟು ಜನರಿಗೆ ಒಬ್ಬರೇ ಎಂದರೆ ಒಂದು ಸುತ್ತಿಗೇ ಒಂದು ಗಂಟೆ ಇಪ್ಪತ್ತು ನಿಮಿಷದಿಂದ ಎರಡು ಗಂಟೆ. ನಡುವೆ ಒಬ್ಬರು ವಾಂತಿ ಮಾಡಿದರೆ, ಇನ್ನೊಬ್ಬರು ಬಚ್ಚಲಿಗೆ ಕರೆದರೆ, ಲೆಕ್ಕ ಅಲ್ಲಿಗೇ ಮುರಿಯಿತು. ಮಗ್ಗುಲು ಬದಲಿಸುವುದು ಇಬ್ಬರ ಕೆಲಸ ಎಂಬುದನ್ನಂತೂ ಇನ್ನೂ ಸೇರಿಸಿಯೇ ಇಲ್ಲ. ಹಾಗಾಗಿ "ಎರಡು ಗಂಟೆಗೊಮ್ಮೆ ತಿರುಗಿಸ್ತೀವಿ" ಎಂಬ ಮಾತನ್ನು ನಂಬುವ ಮುಂಚೆ ಈ ಗುಣಾಕಾರ ಮಾಡಿ.

ಬಾಗಿಲಲ್ಲಿ ನಿಂತೇ ಇನ್ನೂ ಕೆಲವು ನೋಡಬಹುದು. ನೀರಿನ ಲೋಟ ಕೈಗೆಟಕುವಲ್ಲಿದೆಯೇ, ಕರೆಗಂಟೆಯ ವೈರು ಹಾಸಿಗೆಯ ಹಿಂದೆ ಬಿದ್ದಿದೆಯೇ? ಒಂದು ಕರೆಗಂಟೆ ಒತ್ತಿಸಿ, ಯಾರಾದರೂ ಬರಲು ಎಷ್ಟು ಹೊತ್ತಾಯಿತು ನೋಡಿ. ಹಾಸಿಗೆಯಲ್ಲಿರುವವರ ಹಿಮ್ಮಡಿ ದಿಂಬಿನಿಂದ ಎತ್ತಿ ಗಾಳಿಯಲ್ಲಿದೆಯೇ? ಸಿಬ್ಬಂದಿ ಒಬ್ಬರಿಂದ ಇನ್ನೊಬ್ಬರ ಬಳಿ ಹೋಗುವಾಗ ಕೈಗೆ ಸ್ಯಾನಿಟೈಸರ್ ಹಾಕುತ್ತಾರೆಯೇ, ಅಥವಾ ಒಂದೇ ಗ್ಲೌಸ್‌ನಲ್ಲಿ ಇಡೀ ಸಾಲು ಮುಗಿಸುತ್ತಾರೆಯೇ? ಎರಡನೆಯದು ಬಹಳ ಕಡೆ ಕಾಣುತ್ತದೆ. ಗ್ಲೌಸ್ ಹಾಕಿದವರ ಕೈ ಸ್ವಚ್ಛ ಉಳಿಯುತ್ತದೆ, ಸೋಂಕು ಮಾತ್ರ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತದೆ. ಇತರ ನಿವಾಸಿಗಳ ಹೊದಿಕೆ ಎತ್ತಿ ನೋಡುವುದು, ಫೋಟೋ ತೆಗೆಯುವುದು ಬೇಡ. ಅವರೂ ಯಾರದೋ ಅಮ್ಮ ಅಪ್ಪ.

4. ಬಚ್ಚಲು, ಬೀಳುವುದು, ಬಿಸಿನೀರು

ಕಮೋಡ್‌ನ ಎತ್ತರ ನೆಲದಿಂದ 45 ಸೆಂಟಿಮೀಟರ್ ಆಸುಪಾಸು ಇರಲಿ. ತೀರಾ ತಗ್ಗಿದ್ದರೆ ಏಳುವಾಗ ಮುಂದಕ್ಕೆ ಮುಗ್ಗರಿಸುತ್ತಾರೆ. ಪಕ್ಕದ ಹಿಡಿಕೆ ಗಟ್ಟಿಯಾಗಿದೆಯೇ ಎಂದು ನೀವೇ ಮೈಭಾರ ಬಿಟ್ಟು ಎಳೆದು ನೋಡಿ. ಟವೆಲ್ ನೇತುಹಾಕುವ ಕಂಬಿಯನ್ನೇ ಹಿಡಿಕೆ ಎನ್ನುವವರಿದ್ದಾರೆ. ಬಾಗಿಲ ಚಿಲಕ ಹೊರಗಿನಿಂದಲೂ ತೆರೆಯುವಂತಿರಬೇಕು. ಬಚ್ಚಲ ಒಣಗಿದ ನೆಲದಲ್ಲಿ ಜಾರದ ಟೈಲ್ ಒದ್ದೆಯಾದಾಗ ಹೇಗಿರುತ್ತದೆ ಎಂದು ಒಂದು ಚೊಂಬು ನೀರು ಹಾಕಿ ನೋಡಿದರೆ ಗೊತ್ತಾಗುತ್ತದೆ.

ಸ್ನಾನದ ನೀರು 40 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ದರೆ ಸಾಕು. ಗೀಸರ್‌ನಲ್ಲಿ 60 ಡಿಗ್ರಿಗೆ ಕಾದ ನೀರು ಕೆಲವೇ ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರಿಗೆ ಸುಟ್ಟದ್ದು ತಿಳಿಯುವುದೂ ಇಲ್ಲ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೊನೆಗೆ ಸಿಬ್ಬಂದಿಯ ಮೊಣಕೈ ಅದ್ದಿ ನೋಡುವುದು, ಇದೇ ಕ್ರಮ. ಬಿಸಿನೀರಿನ ಚೀಲವನ್ನು ಅಂಥವರ ಕಾಲಿಗೆ ಇಡಲೇಬಾರದು.

ಬೀಳುವುದಕ್ಕೆ ನೆಲವೊಂದೇ ಕಾರಣವಲ್ಲ. ಮಲಗಿ ಎದ್ದು ನಿಂತಾಗ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ತಲೆ ಸುತ್ತಿ ಬೀಳುತ್ತಾರೆ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ರೆ ಮಾತ್ರೆ ಮೂರೂ ಇರುವವರಲ್ಲಿ ಇದು ಸಾಮಾನ್ಯ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿ ಬರೆದಿಡಲು ಹೇಳಿ. ಸೇರಿಸಿದ ಮೊದಲ ವಾರವೇ.

ಬಿದ್ದ ಮೇಲೆ ಮಾಡುವ ತಪ್ಪು ಒಂದೇ: ಇಬ್ಬರು ಕಂಕುಳಿಗೆ ಕೈಹಾಕಿ ತಕ್ಷಣ ಎತ್ತಿ ನಿಲ್ಲಿಸುವುದು. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಕದಲಿಸದೆ 108ಕ್ಕೆ ಕರೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಏಟು ಮಾಡಿಕೊಂಡರೆ, ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಒಳಗಿನ ರಕ್ತಸ್ರಾವ ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

5. ಚರ್ಮ: ಹಾಸಿಗೆ ಹುಣ್ಣು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕೇಂದ್ರದ ಶಿಸ್ತು ಎಷ್ಟು ಎಂದು ಅಳೆಯಲು ಬೆಡ್‌ಸೋರ್‌ಗಿಂತ ನಿಖರವಾದ ಅಳತೆ ಇಲ್ಲ.

ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಶುರುವಾಗಲು ಕೆಲವೇ ಗಂಟೆ ಸಾಕು, ಆಳಕ್ಕೆ ಇಳಿದದ್ದು ವಾಸಿಯಾಗಲು ತಿಂಗಳುಗಳು. ಬೆನ್ನ ಕೆಳಗಿನ ತ್ರಿಕಾಸ್ಥಿ, ಹಿಮ್ಮಡಿ, ಸೊಂಟದ ಪಕ್ಕ, ಕಣಕಾಲಿನ ಗಂಟು, ಹೆಗಲ ಮೂಳೆ, ಮೊಣಕೈ, ತಲೆಯ ಹಿಂಭಾಗ ಇದರ ಜಾಗಗಳು. ಆಮ್ಲಜನಕದ ನಳಿಕೆ ಹಾಕಿದವರಿಗೆ ಕಿವಿಯ ಹಿಂದೆಯೂ ಆಗುತ್ತದೆ, ಅಲ್ಲಿ ಯಾರೂ ನೋಡುವುದಿಲ್ಲ.

ಮೊದಲ ಹಂತ ಗುರುತಿಸುವುದು ಹೀಗೆ: ಕೆಂಪಗೆ ಕಾಣುವ ಜಾಗವನ್ನು ಬೆರಳಿನಿಂದ ಕೆಲವು ಸೆಕೆಂಡ್ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಬಣ್ಣ ಬಂದರೆ ಸರಿ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಆಗಲೇ ಶುರುವಾಗಿದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಅಷ್ಟು ಸುಲಭವಾಗಿ ಕಾಣದು. ಹಾಗಾಗಿ ಸುತ್ತಲಿನ ಚರ್ಮಕ್ಕಿಂತ ಕಪ್ಪಗೆ ಅಥವಾ ನೇರಳೆಯಾಗಿದೆಯೇ, ಮುಟ್ಟಿದರೆ ಬಿಸಿಯೇ, ಗಟ್ಟಿಯೇ, ನೋವೇ ಎಂದು ಕೈಯಿಂದ ನೋಡಬೇಕು. ಆ ಜಾಗವನ್ನು ಉಜ್ಜಿ ಮಾಲೀಸು ಮಾಡಬಾರದು. ಒಳಗಿನ ಗಾಯ ಹೆಚ್ಚುತ್ತದೆ. ಗಾಳಿ ತುಂಬುವ ದುಂಡನೆ ಟ್ಯೂಬಿನ ಮೇಲೆ ಕೂರಿಸುವುದು ಇನ್ನೂ ಚಾಲ್ತಿಯಲ್ಲಿದೆ. ಅದು ಸುತ್ತಲಿನ ಚರ್ಮಕ್ಕೆ ಒತ್ತಡ ಹಾಕಿ ನಡುವಿನ ಭಾಗಕ್ಕೆ ರಕ್ತ ಹೋಗದಂತೆ ಮಾಡುತ್ತದೆ, ಬಿಸಾಡಿ.

ಸರಿಯಾದ ಕ್ರಮ ಇದು. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಲಿಕುರ್ಚಿಯಲ್ಲಿ ಕೂತವರನ್ನು ಅರ್ಧ ಗಂಟೆಗೊಮ್ಮೆಯಾದರೂ ಕದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ ಮಲಗಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಏನಕ್ಕೂ ತಾಗದಂತೆ ಬಿಡಬೇಕು. ಊಟದ ಹೊತ್ತು ಬಿಟ್ಟರೆ ತಲೆಭಾಗವನ್ನು 30 ಡಿಗ್ರಿಗಿಂತ ಮೇಲೆ ಎತ್ತಿಡಬಾರದು, ಏಕೆಂದರೆ ಮೈ ಕೆಳಕ್ಕೆ ಜಾರುತ್ತಾ ಬೆನ್ನಿನ ಚರ್ಮ ಎಳೆದು ಹರಿಯುತ್ತದೆ. ಜಾರಿದವರನ್ನು ಮೇಲಕ್ಕೆ ಎಳೆಯುವಾಗ ಮೈಕೆಳಗೆ ಅಡ್ಡ ಹಾಸಿದ ಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಬೇಕು, ತೋಳು ಹಿಡಿದು ಎಳೆಯಬಾರದು.

ಏರ್‌ಬೆಡ್ ತಂದುಕೊಟ್ಟರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಏರ್‌ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು. ಅದರಲ್ಲಿ ಕೆಡುವುದು ಏನೇನು: ಮೊಬೈಲ್ ಚಾರ್ಜ್‌ಗೆಂದು ಪಂಪಿನ ಪ್ಲಗ್ ಕಿತ್ತಿರುತ್ತಾರೆ, ನಳಿಕೆ ಮಂಚದ ಕಂಬಿಗೆ ಸಿಕ್ಕಿ ಮಡಿಸಿರುತ್ತದೆ, ಒತ್ತಡ ಹೊಂದಿಸುವ ನಾಬ್ ಅನ್ನು ಕೊನೆಯವರೆಗೆ ತಿರುಗಿಸಿ ಹಲಗೆಯಂತೆ ಗಟ್ಟಿ ಮಾಡಿರುತ್ತಾರೆ, ಅದರ ಮೇಲೆ ರಬ್ಬರ್ ಶೀಟು, ಕಂಬಳಿ, ಮೂರು ಪದರ ಬೆಡ್‌ಶೀಟ್ ಹಾಸಿ ಗಾಳಿಯ ಉಪಯೋಗವನ್ನೇ ಕೊಂದಿರುತ್ತಾರೆ. ಪರೀಕ್ಷೆ ಸುಲಭ: ಮಲಗಿದವರ ಸೊಂಟದ ನೇರಕ್ಕೆ ಏರ್‌ಬೆಡ್‌ನ ಕೆಳಗೆ ಅಂಗೈ ತೂರಿಸಿ. ನಡುವೆ ಒಂದು ಅಂಗುಲದಷ್ಟಾದರೂ ಗಾಳಿ ಇರಬೇಕು. ಮೂಳೆ ಕೈಗೆ ತಾಗಿದರೆ ಅದು ಕೆಲಸ ಮಾಡುತ್ತಿಲ್ಲ. ಕರೆಂಟು ಹೋದಾಗ ಪಂಪಿಗೆ ಯುಪಿಎಸ್ ಇದೆಯೇ ಎಂದೂ ಕೇಳಿ.

ಡೈಪರ್ ವಿಷಯ. ಒದ್ದೆಯಾದ ಕೂಡಲೇ, ಮಲವಾದರೆ ಆ ಕ್ಷಣವೇ ಬದಲಿಸಬೇಕು. ದಿನಕ್ಕೆ ಎರಡೇ ಬಳಸುತ್ತಾರೆಂದರೆ ಉಳಿತಾಯ ನಿಮ್ಮ ಹಿರಿಯರ ಚರ್ಮದ ಮೇಲೆ ನಡೆಯುತ್ತಿದೆ. ಒಂದರ ಮೇಲೊಂದು ಎರಡು ಹಾಕುವುದು ಇನ್ನೂ ಕೆಟ್ಟದ್ದು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಇಲ್ಲವಾದರೆ ಮೂತ್ರದ ಸೋಂಕು. ಪೌಡರ್ ಬೇಡ, ಒದ್ದೆಯಲ್ಲಿ ಗಂಟುಕಟ್ಟಿ ಉಜ್ಜುತ್ತದೆ. ಜಿಂಕ್ ಆಕ್ಸೈಡ್ ಇರುವ ಮುಲಾಮು ತೆಳುವಾಗಿ ಸವರಿದರೆ ಸಾಕು.

ಮಗ್ಗುಲು ಬದಲಿಸಿದ ಚಾರ್ಟ್ ತೋರಿಸಿ ಎಂದು ಕೇಳಿ. ನಾಲ್ಕು ಗಂಟೆಗೆ ಹೋದಾಗ ಆರು ಗಂಟೆಯ ಸಹಿಯೂ ಆಗಿದ್ದರೆ ಬೇರೆ ಪ್ರಶ್ನೆಯೇ ಬೇಡ. ಹತ್ತು ರಾತ್ರಿಯೂ ಒಂದೇ ಪೆನ್ನು, ಒಂದೇ ಕೈಬರಹ, ಕರಾರುವಾಕ್ಕಾಗಿ 10, 12, 2, 4 ಎಂದಿದ್ದರೂ ಅನುಮಾನ ಪಡಿ. ನಿಜವಾಗಿ ಕೆಲಸ ಮಾಡಿದವರ ಚಾರ್ಟ್‌ನಲ್ಲಿ 12.20, 2.35 ಎಂದೆಲ್ಲ ಇರುತ್ತದೆ.

6. ಊಟ, ನುಂಗುವುದು, ತೂಕ

ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಿಗೆ ಅನ್ನ ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಲಕ್ಷಣ: ಊಟದ ನಡುವೆ ಕೆಮ್ಮು, ನುಂಗಿದ ಮೇಲೆ ಗಂಟಲಲ್ಲಿ ಗೊರಗೊರ, ಕೆನ್ನೆಯೊಳಗೆ ಉಳಿದ ತುತ್ತು, ಮತ್ತೆ ಮತ್ತೆ ಬರುವ ಜ್ವರ. ಕೆಲವರಿಗೆ ಕೆಮ್ಮೂ ಬರುವುದಿಲ್ಲ.

ನಮ್ಮ ಊಟದಲ್ಲೇ ತೊಡಕಿದೆ. ತೆಳ್ಳನೆ ಸಾರಿನಲ್ಲಿ ಬಿಡಿ ಬಿಡಿ ಅನ್ನ ತೇಲುವುದು ನುಂಗಲು ಕಷ್ಟ: ಸಾರು ಬೇಗ ಗಂಟಲಿಗೆ ಇಳಿಯುತ್ತದೆ, ಅನ್ನ ಬಾಯಲ್ಲೇ ಉಳಿಯುತ್ತದೆ. ಚಿತ್ರಾನ್ನದ ಕಡಲೆಬೀಜ, ಉಪ್ಪಿಟ್ಟಿನ ಕಡಲೆಬೇಳೆ, ಒಗ್ಗರಣೆಯ ಕರಿಬೇವು, ಒಣ ಅವಲಕ್ಕಿ ಇವೆಲ್ಲ ಗಂಟಲಿಗೆ ಸಿಕ್ಕುವಂಥವು. ಅನ್ನವನ್ನು ಬೇಳೆ, ತುಪ್ಪದೊಂದಿಗೆ ನುಣ್ಣಗೆ ಕಿವುಚಿ ಒಂದೇ ಹದಕ್ಕೆ ತರಬೇಕು. ಗಟ್ಟಿ ರಾಗಿ ಅಂಬಲಿ ತೆಳ್ಳನೆ ಕಾಫಿಗಿಂತ ಸುಲಭವಾಗಿ ಇಳಿಯುತ್ತದೆ. ಎಷ್ಟು ಗಟ್ಟಿ ಎಂಬುದನ್ನು ನುಂಗುವ ಪರೀಕ್ಷೆ ಮಾಡಿದ ಸ್ಪೀಚ್ ಥೆರಪಿಸ್ಟ್ ಹೇಳಲಿ, ಅಡುಗೆಯವರು ಊಹಿಸುವುದು ಬೇಡ.

ತಿನ್ನಿಸುವ ಕ್ರಮವನ್ನು ಕಣ್ಣಾರೆ ನೋಡಿ. ನೆಟ್ಟಗೆ ಕೂರಿಸಿರಬೇಕು, ಗಲ್ಲ ತುಸು ಕೆಳಗಿರಬೇಕು. ತಿನ್ನಿಸುವವರು ಎದುರಿಗೆ ಕೂತಿರಬೇಕು. ನಿಂತು ತಿನ್ನಿಸಿದರೆ ಹಿರಿಯರು ತಲೆ ಎತ್ತುತ್ತಾರೆ, ಗಂಟಲು ತೆರೆದುಕೊಂಡು ಅನ್ನ ತಪ್ಪು ದಾರಿ ಹಿಡಿಯುತ್ತದೆ. ನೀರನ್ನು ಎತ್ತಿ ಕುಡಿಯುವ ಅಭ್ಯಾಸ ಇದ್ದವರಿಗೂ ಈ ಸ್ಥಿತಿಯಲ್ಲಿ ಕಚ್ಚಿಯೇ ಕುಡಿಸಬೇಕು, ಮಡಿಯ ಮಾತು ಇಲ್ಲಿ ಬೇಡ. ಟೀ ಚಮಚದಷ್ಟೇ ತುತ್ತು, ನುಂಗಿದ್ದು ನೋಡಿ ಮುಂದಿನದು. ಊಟದ ನಂತರ ಬಾಯಿ ತೆರೆಸಿ ನೋಡಿ, ಅರ್ಧ ಗಂಟೆ ಕೂರಿಸಿಯೇ ಇರಬೇಕು. ದಿನಕ್ಕೆರಡು ಸಲ ಹಲ್ಲು, ವಸಡು, ಹಲ್ಲುಸೆಟ್ಟು ತಿಕ್ಕಿದರೆ ನ್ಯುಮೋನಿಯಾ ಕಡಿಮೆಯಾಗುತ್ತದೆ. ಯಾರೂ ಲೆಕ್ಕಕ್ಕೆ ಇಡದ ಕೆಲಸ ಇದು.

ತುತ್ತು ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಎಂದು ಊಟ ಬಡಿಸುವ ಆಯಾಳನ್ನೇ ಕೇಳಿ. ಮುಂದಕ್ಕೆ ಬಾಗಿಸಿ ಹೆಗಲ ಮೂಳೆಗಳ ನಡುವೆ ಐದು ಗುದ್ದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು ಎಂದು ಕೈಯಲ್ಲಿ ಮಾಡಿ ತೋರಿಸಬಲ್ಲವರಿದ್ದರೆ ತರಬೇತಿ ಆಗಿದೆ ಎಂದರ್ಥ. "ನೀರು ಕುಡಿಸ್ತೀನಿ" ಎಂದರೆ ಆಗಿಲ್ಲ.

ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ಕೊಳವೆ) ಇದ್ದವರಿಗೆ: ಪ್ರತಿ ಸಲ ಆಹಾರ ಹಾಕುವ ಮುಂಚೆ ಮೂಗಿನ ಬಳಿಯ ಗುರುತು ಸರಿದಿಲ್ಲ ಎಂದು ನೋಡಬೇಕು, ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು, ಮೊದಲೂ ಕೊನೆಗೂ 30 ಮಿಲಿಲೀಟರ್ ನೀರು ಬಿಡಬೇಕು. ಸಿರಿಂಜಿನ ದಂಡ ಒತ್ತಿ ನೂಕಬಾರದು. ಕೊಳವೆ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಟ್ಟರೆ 200 ಮಿಲಿಲೀಟರ್‌ಗೆ 20 ನಿಮಿಷವಾಗುತ್ತದೆ. ಐದು ನಿಮಿಷದಲ್ಲಿ ಮುಗಿಸಿದರೆ ವಾಂತಿ. ಬೆನ್ನಿನ ಚರ್ಮಕ್ಕೆಂದು ತಲೆ ತಗ್ಗಿಸಬೇಕು, ಟ್ಯೂಬಿಗೆಂದು ಎತ್ತಬೇಕು. ಇಂಥಲ್ಲಿ ಉಸಿರಾಟಕ್ಕೇ ಮೊದಲ ಮಣೆ, ಬೆನ್ನಿನ ಚರ್ಮವನ್ನು ಇನ್ನಷ್ಟು ಸಲ ನೋಡಬೇಕು.

ತಿಂಗಳಿಗೊಮ್ಮೆ ತೂಕ. ಒಂದು ತಿಂಗಳಲ್ಲಿ ಶೇ. 5 ಅಥವಾ ಆರು ತಿಂಗಳಲ್ಲಿ ಶೇ. 10 ಇಳಿದರೆ ವೈದ್ಯರಿಗೆ ತೋರಿಸಲೇಬೇಕು. 60 ಕೆ.ಜಿ. ಇದ್ದವರು ಮುಂದಿನ ತಿಂಗಳು 57 ಎಂದರೆ ಅದು ಕಾಯಿಲೆಯ ಸುಳಿವು, "ವಯಸ್ಸಾಯ್ತಲ್ಲ" ಅಲ್ಲ. ನಿಲ್ಲಲಾಗದವರಿಗೆ ಮೇಲ್ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ತೆಗೆಯಬಹುದು. ನೀರು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಹೋಗಬೇಕು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ಮಿತಿ ಹಾಕಿರದಿದ್ದರೆ. ರಾತ್ರಿ ಡೈಪರ್ ಒದ್ದೆಯಾಗಬಾರದೆಂದು ಸಂಜೆಯಿಂದ ನೀರೇ ಕೊಡದ ಕೇಂದ್ರಗಳಿವೆ. ಬೆಳಿಗ್ಗೆ ಒಣಗಿದ ನಾಲಿಗೆ ಅದನ್ನು ಹೇಳುತ್ತದೆ.

7. ಮಾತ್ರೆ ಮತ್ತು ಇನ್ಸುಲಿನ್

ಪ್ರತಿ ನಿವಾಸಿಗೂ ಒಂದು ಔಷಧ ಪಟ್ಟಿ ಇರಬೇಕು, ಕೊಟ್ಟ ಮೇಲೆ ಸಹಿ. ಕೊಡುವ ಮುಂಚೆ ಸಹಿ ಹಾಕಿಡುವುದು ದೊಡ್ಡ ರೋಗ. ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಹೆಸರಿಲ್ಲದ ಲೋಟಗಳಲ್ಲಿ ಸಾಲಾಗಿ ಇಟ್ಟಿದ್ದರೆ, ಒಂದು ಲೋಟ ಆಚೀಚೆಯಾದರೆ ಯಾರಿಗೂ ತಿಳಿಯದು.

ಹೊತ್ತು ತಪ್ಪಬಾರದ ಕೆಲವಿವೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕಾಫಿಗಿಂತ ಅರ್ಧದಿಂದ ಒಂದು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದಾದ ನಾಲ್ಕು ಗಂಟೆಗೆ. ಪಾರ್ಕಿನ್ಸನ್‌ನ ಲೆವೊಡೋಪಾ ಅರ್ಧ ಗಂಟೆ ತಡವಾದರೂ ಕೆಲವರ ಕೈಕಾಲು ಬಿಗಿದು ನುಂಗುವುದೇ ಕಷ್ಟವಾಗುತ್ತದೆ. "ಎಲ್ಲರಿಗೂ ಒಂಬತ್ತಕ್ಕೆ" ಎಂಬ ಪದ್ಧತಿ ಅವರಿಗೆ ಆಗಿಬರುವುದಿಲ್ಲ. ನುಂಗಲಾಗದವರಿಗೆ ಮಾತ್ರೆ ಕುಟ್ಟಿ ಕೊಡುತ್ತಾರೆ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿರುವವನ್ನು (ನಿಧಾನವಾಗಿ ಕರಗುವಂಥವು) ಕುಟ್ಟಬಾರದು, ಇಡೀ ದಿನದ ಔಷಧ ಒಮ್ಮೆಗೇ ಮೈಗೆ ಇಳಿಯುತ್ತದೆ.

ಇನ್ಸುಲಿನ್ ಸಿರಿಂಜಿನ ಮುಚ್ಚಳದ ಬಣ್ಣ ನೋಡಿ. ನಮ್ಮಲ್ಲಿ ಬಾಟಲಿ ಎರಡು ಬಗೆ: ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಪ್ರಾಣಕ್ಕೇ ಕುತ್ತು. ಅದಲುಬದಲಾಗಿ 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ 20ರ ಜಾಗದಲ್ಲಿ 8 ಮಾತ್ರ ಹೋಗಿ ಸಕ್ಕರೆ ಏರುತ್ತಲೇ ಇರುತ್ತದೆ, ವೈದ್ಯರು ಡೋಸ್ ಹೆಚ್ಚಿಸುತ್ತಲೇ ಇರುತ್ತಾರೆ. ಬಾಟಲಿ ಬದಲಾದಾಗ ಸಿರಿಂಜನ್ನೂ ಬದಲಿಸಿ, ನೀವೇ ಎರಡನ್ನೂ ಒಟ್ಟಿಗೆ ತಂದುಕೊಡುವುದು ಲೇಸು. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆದಿರಬೇಕು, ಸಾಮಾನ್ಯವಾಗಿ 28 ದಿನದ ಮೇಲೆ ಬಳಸಬಾರದು. ತೆರೆಯದವು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಫ್ರೀಜರ್ ಗೋಡೆಗೆ ತಾಗಿ ಹೆಪ್ಪುಗಟ್ಟಿದ್ದು ಕೆಟ್ಟಂತೆಯೇ.

ಇನ್ಸುಲಿನ್ ಕೊಟ್ಟು ತಿಂಡಿ ತಡಮಾಡುವುದು ಇನ್ನೊಂದು ಅಪಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದು, ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108.

8. ಕಟ್ಟಿಹಾಕುವುದು, ಮಂಪರು ಬರಿಸುವುದು

ಮಣಿಕಟ್ಟಿನಲ್ಲಿ ಬಟ್ಟೆಯ ಗುರುತು, ಮಧ್ಯಾಹ್ನ ಮೂರಕ್ಕೆ ಇಡೀ ಹಾಲ್ ನಿದ್ದೆಯಲ್ಲಿ. ಇವೆರಡನ್ನು ಕಂಡರೆ ಕೇಳಿ. ಮರೆವಿನ ಕಾಯಿಲೆಯವರ ಗಲಾಟೆಗೆ ಮನೋವಿಕಾರದ ಮಾತ್ರೆ ಕೊಡುವುದರಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಅತ್ಯಂತ ಗಂಭೀರ ಎಚ್ಚರಿಕೆ ಹಾಕಿಸಿದ್ದಾರೆ. ಕೊಡಲೇಬಾರದೆಂದಲ್ಲ, ಯಾವ ವೈದ್ಯರು, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಬರೆದರು, ಯಾವಾಗ ಮರುಪರಿಶೀಲನೆ ಎಂಬುದು ಕಡತದಲ್ಲಿರಬೇಕು. ಗಲಾಟೆಯ ಹಿಂದೆ ಬಹಳ ಸಲ ಮಲಬದ್ಧತೆಯೋ ಮೂತ್ರ ಕಟ್ಟಿಕೊಂಡಿರುವುದೋ ಹೇಳಲಾಗದ ನೋವೋ ಇರುತ್ತದೆ. ನಿನ್ನೆ ಚೆನ್ನಾಗಿ ಮಾತಾಡಿದವರು ಇವತ್ತು ಮಂಕಾಗಿದ್ದರೆ ಅಥವಾ ಬಡಬಡಿಸಿದರೆ ಸೋಂಕು, ಸಕ್ಕರೆ, ಸೋಡಿಯಂ ನೋಡಿಸಿ. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು.

ಮೂತ್ರ ಇಳಿಸುವ ಕೊಳವೆಯಾದ ಕ್ಯಾಥೆಟರ್‌ಗೂ ಇದೇ ಮಾತು: ಸಿಬ್ಬಂದಿಗೆ ಅನುಕೂಲ ಎಂಬುದು ಕಾರಣವಲ್ಲ. ಇರಲೇಬೇಕಾದರೆ ಚೀಲ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ.

9. ಒಪ್ಪಂದ

ಠೇವಣಿ ಯಾವಾಗ ವಾಪಸು, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಾಡಿಗೆಯೇ, ಡೈಪರ್ ಯಾರು ತರಬೇಕು, ದರ ಏರಿಸಲು ಎಷ್ಟು ದಿನದ ನೋಟಿಸು, ತುರ್ತಿಗೆ ಯಾವ ಆಸ್ಪತ್ರೆ, ಸಹಿ ಯಾರದು. ಭೇಟಿಗೆ ಹೊತ್ತು ನಿಗದಿ ಮಾಡಿದ್ದರೂ "ತುರ್ತಿದ್ದರೆ ಯಾವಾಗ ಬೇಕಾದರೂ" ಎಂಬ ಸಾಲು ಸೇರಿಸಿ. ಎಟಿಎಂ ಕಾರ್ಡು, ಪಾಸ್‌ಬುಕ್ಕು, ಒಡವೆ ಕೇಂದ್ರಕ್ಕೆ ಕೊಡಬೇಡಿ.

ಕೇಂದ್ರದವರ ಕಷ್ಟವೂ ಇದೆ. ಸೇರಿಸಿ ಫೋನ್ ನಂಬರ್ ಬದಲಿಸುವ ಮಕ್ಕಳಿದ್ದಾರೆ. ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ, 2007ರ 24ನೇ ಕಲಮಿನಂತೆ ಹಿರಿಯರನ್ನು ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ.

10. ಸೇರಿಸಿದ ಮೇಲೆ

ಮೊದಲ ದಿನ, ನರ್ಸ್ ಎದುರಿಗೇ ಮೈಯ ಚರ್ಮ ಪೂರ್ತಿ ನೋಡಿ, ಇರುವ ಗಾಯ, ಕಲೆಗಳನ್ನು ಬರೆಸಿ ಇಬ್ಬರೂ ಸಹಿ ಹಾಕಿ. ಮುಂದೆ "ಬರುವಾಗಲೇ ಇತ್ತು" ಎಂಬ ವಾದ ಬರುವುದಿಲ್ಲ, ಅವರ ಮೇಲೆ ಸುಳ್ಳು ಆರೋಪವೂ ಬರುವುದಿಲ್ಲ.

ಮೊದಲ ತಿಂಗಳು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿಗೆ ಹೋಗಿ. ಭಾನುವಾರವನ್ನು ಬಿಡಬೇಡಿ, ಅವತ್ತು ಸಿಬ್ಬಂದಿ ಕಡಿಮೆ. ಅಮೆರಿಕ, ದುಬೈನಲ್ಲಿದ್ದು ವಿಡಿಯೊ ಕಾಲ್ ಮಾಡುವವರಿಗೆ ಒಂದು ಮಾತು: ನಿಗದಿತ ಕಾಲ್‌ಗೆ ಅಮ್ಮನಿಗೆ ಸ್ನಾನ ಮಾಡಿಸಿ, ಬೊಟ್ಟಿಟ್ಟು ಕೂರಿಸಿರುತ್ತಾರೆ. ಮುಖ ನೋಡಿ ಮಾತಾಡಿದ ಮೇಲೆ ಸಿಸ್ಟರ್‌ಗೆ ಹಿಮ್ಮಡಿ ತೋರಿಸಲು, ಈ ತಿಂಗಳ ತೂಕ ಓದಲು, ಔಷಧ ಪಟ್ಟಿಯ ಫೋಟೋ ಕಳಿಸಲು ಹೇಳಿ. ಊರಲ್ಲಿರುವ ಒಬ್ಬ ನೆಂಟರು ತಿಂಗಳಿಗೊಮ್ಮೆ ಹೋಗಿಬಂದರೆ ಹತ್ತು ಕಾಲ್‌ಗೆ ಸಮ.

ಚೆನ್ನಾಗಿ ನೋಡಿಕೊಳ್ಳುವ ಆಯಾಳ ಹೆಸರು ತಿಳಿದುಕೊಂಡು ಮ್ಯಾನೇಜರಿಗೆ ಹೇಳಿ. ದೂರು ಹೇಳುವಾಗಲೂ ಅವರ ಮೇಲೆ ರೇಗಬೇಡಿ. ಹನ್ನೆರಡು ಗಂಟೆ ಪಾಳಿಯಲ್ಲಿ ಒಬ್ಬರನ್ನೇ ಬಿಟ್ಟವರು ಅವರಲ್ಲ.

11. ತಪ್ಪು ಕಂಡರೆ

ದಿನಾಂಕ, ಹೊತ್ತು, ಕಂಡದ್ದು, ಯಾರು ಏನೆಂದರು, ಇಷ್ಟನ್ನೂ ಅವತ್ತೇ ಬರೆಯಿರಿ. ಗಾಯವಾದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮೊದಲು ಮ್ಯಾನೇಜರಿಗೆ ಇ-ಮೇಲ್, ಉತ್ತರಕ್ಕೆ ಗಡುವು ಹಾಕಿ. ಹಿರಿಯರ ಸಹಾಯವಾಣಿ 14567 ದೇಶಾದ್ಯಂತ ಕೆಲಸ ಮಾಡುತ್ತದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಜಿಲ್ಲಾ ಕಚೇರಿಗೆ ಲಿಖಿತ ದೂರು ಕೊಡಬಹುದು. ಹೊಡೆದದ್ದು, ಕಟ್ಟಿಹಾಕಿದ್ದು, ಹಣ ಕದ್ದದ್ದಾದರೆ ನೇರ 112. ಹಣ ಕೊಟ್ಟು ಪಡೆದ ಸೇವೆಯ ಕೊರತೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ; ಸಲಹೆಗೆ 1915.

ಬೇರೆ ಕಡೆಗೆ ಕರೆದೊಯ್ಯುವುದೆಂದು ತೀರ್ಮಾನವಾದರೆ ಸಂಜೆ ಹೊತ್ತು, ಶನಿವಾರ ಭಾನುವಾರ ಬೇಡ. ಹೊಸ ಜಾಗದಲ್ಲಿ ವೈದ್ಯರು ಸಿಗುವುದಿಲ್ಲ. ಹೊರಡುವ ಮುಂಚೆ ಔಷಧ ಪಟ್ಟಿ, ಕೊನೆಯ ಡೋಸ್ ಕೊಟ್ಟ ಹೊತ್ತು, ಇನ್ಸುಲಿನ್ ಬಾಟಲಿ ಮತ್ತು ಅದರದೇ ಸಿರಿಂಜು, ಮೂರು ತಿಂಗಳ ತೂಕ, ಇತ್ತೀಚಿನ ರಕ್ತ ಪರೀಕ್ಷೆ, ಕ್ಯಾಥೆಟರ್ ಅಥವಾ ಟ್ಯೂಬ್ ಹಾಕಿದ ದಿನಾಂಕ ಪಡೆದುಕೊಳ್ಳಿ. ಹಲ್ಲುಸೆಟ್ಟು, ಕನ್ನಡಕ, ಕಿವಿಯ ಮಷೀನು ಇವು ಹಳೆಯ ಕೇಂದ್ರದಲ್ಲೇ ಉಳಿದುಬಿಡುತ್ತವೆ, ಎಣಿಸಿ ಚೀಲಕ್ಕೆ ಹಾಕಿ. ಹೊಸ ಕಡೆ ಹಾಸಿಗೆಗೆ ಮಲಗಿಸುವ ಮುಂಚೆಯೇ ನರ್ಸ್ ಜೊತೆ ನಿಂತು ಬೆನ್ನು, ಹಿಮ್ಮಡಿ ನೋಡಿ ಬರೆಸಿ.